ನ್ಯೂಜೆರ್ಸಿಗೆ ಹೊಸದಾಗಿ ಬಂದು ಎ.ಎ. ಮೀಟಿಂಗ್ ಹುಡುಕುತ್ತಿರುವವರಿಗೆ

ಬೆಂಗಳೂರಿನಲ್ಲಿ ಎ.ಎ.ಗೆ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಹೋಗಿ ಕುಡಿತ ಬಿಟ್ಟಿದ್ದೆ, ಎಡಿಸನ್‌ಗೆ ಬಂದ ಮೇಲೆ ಮತ್ತೆ ಶುರುವಾಗಿದೆ ಅಂದಿದ್ದೀರಿ. ಇಲ್ಲಿ ಮೀಟಿಂಗ್ ಹುಡುಕುವುದು ಹೇಗೆ, ಎಲ್ಲ ಚರ್ಚಿನಲ್ಲೇ ಯಾಕೆ, ವೀಸಾಕ್ಕೆ ತೊಂದರೆಯಾ, ನಮ್ಮ ಕನ್ನಡದವರು ಇರ್ತಾರಾ ಎಂದು ಕೇಳಿದ್ದೀರಿ.

ಅದಕ್ಕೂ ಮೊದಲು ಒಂದು ಮಾತು. ದಿನಾ ಕುಡಿಯುವ ಮಟ್ಟಕ್ಕೆ ಬಂದಿದ್ದರೆ, ನಾಳೆಯಿಂದ ಒಂದು ತೊಟ್ಟೂ ಬೇಡ ಎಂದು ಒಬ್ಬರೇ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರಬೇಡಿ. ಕೊನೆಯ ಗ್ಲಾಸಿನ ನಂತರ ಒಂದು ದಿನದೊಳಗೇ ಕೈ ನಡುಕ, ಬೆವರು ಶುರುವಾಗುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣಿಸುವುದು, ಎಲ್ಲಿದ್ದೇನೆ ಎಂಬುದೇ ತಿಳಿಯದಿರುವುದು ಆದರೆ ಜೀವಕ್ಕೇ ಅಪಾಯ. ಮೊದಲು ಡಾಕ್ಟರನ್ನು ಕಾಣಿ, ಅವರ ಹತ್ತಿರ ಮೂರು ಪೆಗ್ಗನ್ನು ಒಂದು ಅನ್ನಬೇಡಿ. ಮಾತ್ರೆಯ ಲೆಕ್ಕ ನಿಂತಿರುವುದೇ ಅದರ ಮೇಲೆ. ಫಿಟ್ಸ್ ಬಂದರೆ 911ಕ್ಕೆ ಕರೆ ಮಾಡಿ.

ನಾನು ಬಂದ ಕಾಲದಲ್ಲಿ ಮೀಟಿಂಗ್ ಪಟ್ಟಿ ಮಡಚಿದ ಕಾಗದದಲ್ಲಿ ಸಿಗುತ್ತಿತ್ತು. ಈಗ ಎ.ಎ.ಯವರದೇ ‘ಮೀಟಿಂಗ್ ಗೈಡ್’ ಆ್ಯಪ್ ಇದೆ, ಪುಕ್ಕಟೆ. ‘ಓಪನ್’ ಎಂದಿದ್ದರೆ ಯಾರು ಬೇಕಾದರೂ ಬರಬಹುದು. ‘ಕ್ಲೋಸ್ಡ್’ ಎಂದಿದ್ದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಅಂದರೆ ನೀವು ಎರಡಕ್ಕೂ ಸಲ್ಲುತ್ತೀರಿ. ಮೊದಲು ‘ಬಿಗಿನರ್ಸ್’ ಎಂದಿರುವುದನ್ನು ಆರಿಸಿ. ಪಟ್ಟಿಯಲ್ಲಿದ್ದೂ ನಿಂತುಹೋಗಿರುವ ಮೀಟಿಂಗ್‌ಗಳುಂಟು, ಹಾಗಾಗಿ ಹೊರಡುವ ಮುಂಚೆ ಆ ಭಾಗದ ಇಂಟರ್‌ಗ್ರೂಪ್ (ಅಲ್ಲಿನ ಎ.ಎ. ಗುಂಪುಗಳ ಕಚೇರಿ) ನಂಬರಿಗೆ ಫೋನ್ ಮಾಡಿ. ಅಲ್ಲಿ ಎತ್ತುವವರೂ ಸಾಮಾನ್ಯವಾಗಿ ಕುಡಿತ ಬಿಟ್ಟವರೇ. ಕಾರಿಲ್ಲ ಎಂದರೆ ಕರೆದೊಯ್ಯುವವರನ್ನು ಹುಡುಕಿಕೊಡುವುದೂ ಉಂಟು.

ಚರ್ಚಿನ ನೆಲಮಾಳಿಗೆ ಬರೀ ಬಾಡಿಗೆ ಜಾಗ, ಗುಂಪಿಗೂ ಆ ಚರ್ಚಿಗೂ ಸಂಬಂಧವಿಲ್ಲ. ಮುಂದಿನ ದೊಡ್ಡ ಬಾಗಿಲು ಬೀಗ ಹಾಕಿದ್ದರೆ ಮೀಟಿಂಗ್ ಇಲ್ಲವೆಂದುಕೊಂಡು ವಾಪಸಾಗಬೇಡಿ. ಪಾರ್ಕಿಂಗ್ ಕಡೆಗೆ ಸುತ್ತಿ ಬಂದರೆ ಪಕ್ಕದಲ್ಲಿ ಮೆಟ್ಟಿಲು, ಕೆಳಗೆ ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿ ಡ್ರಮ್ಮು. (ಆ ಕಾಫಿ ಕುಡಿಯುವುದು ಕಡ್ಡಾಯವಲ್ಲ, ನಮ್ಮ ಫಿಲ್ಟರ್ ಕಾಫಿಯ ನಾಲಿಗೆಗೆ ಅದೊಂದು ಶಿಕ್ಷೆ.) ಹತ್ತು ನಿಮಿಷ ಮುಂಚೆ ಹೋಗಿ. ಸರದಿ ಬಂದಾಗ ಹೆಸರಷ್ಟೇ ಹೇಳಿ, ಇವತ್ತು ಕೇಳಿಸಿಕೊಳ್ಳುತ್ತೇನೆ ಅಂದರೆ ಸಾಕು, ಯಾರೂ ಒತ್ತಾಯಿಸುವುದಿಲ್ಲ. ಬುಟ್ಟಿ ಬಂದಾಗ ಒಂದೆರಡು ಡಾಲರ್ ಹಾಕಿ, ಹೊಸಬರು ಹಾಕದಿದ್ದರೂ ನಡೆಯುತ್ತದೆ. ಕೆಲವು ಕಡೆ ಕೊನೆಗೆ ಕೈ ಕೈ ಹಿಡಿದು ಕ್ರೈಸ್ತ ಪ್ರಾರ್ಥನೆ ಹೇಳುತ್ತಾರೆ. ಸುಮ್ಮನೆ ನಿಂತರೆ ಆಯಿತು. ದೇವರ ಮಾತೇ ಬೇಡವೆನ್ನುವವರಿಗೆ ‘ಸೆಕ್ಯುಲರ್’ ಮೀಟಿಂಗ್‌ಗಳಿವೆ, ‘ಸ್ಮಾರ್ಟ್ ರಿಕವರಿ’ ಎಂಬ ಬೇರೆ ದಾರಿಯೂ ಇದೆ. ಮೀಟಿಂಗ್ ಮುಗಿದ ಕೂಡಲೇ ಕಾರಿಗೆ ಓಡಿಯೇ ಹೊಸಬರು ದೊಡ್ಡ ಲಾಭ ಕಳೆದುಕೊಳ್ಳುತ್ತಾರೆ. ಕುರ್ಚಿ ಮಡಚಲು ನಿಲ್ಲಿ. ಫೋನ್ ನಂಬರ್ ಸಿಗುವುದು ಆಗಲೇ, ಸ್ಪಾನ್ಸರ್, ಅಂದರೆ ಜೊತೆಗಿದ್ದು ದಾರಿ ತೋರಿಸುವ ಹಳಬರು, ಸಿಗುವುದೂ ಆಗಲೇ. ಒಂದೇ ಮೀಟಿಂಗ್ ನೋಡಿ ಇದು ನಮ್ಮಂಥವರಿಗಲ್ಲ ಎನ್ನಬೇಡಿ. ಐದಾರು ಬೇರೆ ಬೇರೆ ಗುಂಪು ನೋಡಿ.

ವೀಸಾ ವಿಷಯ: ಎ.ಎ. ಹಾಜರಿ ಪುಸ್ತಕ ಇಡುವುದಿಲ್ಲ, ಇನ್ಶೂರೆನ್ಸ್ ಕೇಳುವುದಿಲ್ಲ. ವೀಸಾಕ್ಕೆ ಕುತ್ತು ಬರುವುದು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಾಗ. ಕೋರ್ಟು ತೀರ್ಪು ಕೊಡುವ ಮೊದಲೇ ರದ್ದಾಗಬಹುದು.

ಇನ್ನು ಕನ್ನಡದವರ ಪ್ರಶ್ನೆ. ಪಟ್ಟಿಯಲ್ಲಿ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್ ಮೀಟಿಂಗ್ ಸಿಗುತ್ತದೆ; ಕನ್ನಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾವು ಇಲ್ಲಿ ರಾಜ್ಯೋತ್ಸವ ಮಾಡುತ್ತೇವೆ, ಮಕ್ಕಳಿಗೆ ಅ ಆ ಇ ಈ ಕಲಿಸುತ್ತೇವೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಹತ್ತು ಕುರ್ಚಿ ಹಾಕಿ ಇಂಥದ್ದೊಂದಕ್ಕೆ ಜಾಗ ಮಾಡಿಲ್ಲ, ಆ ಕೊರಗು ಹೋಗುವುದಿಲ್ಲ. ನಮ್ಮವರಿಗೆ ಅಲ್ಲಿ ನಮ್ಮವರು ಬೇಕು, ಆದರೆ ನಮ್ಮವರ ಕಣ್ಣಿಗೆ ಬೀಳಬಾರದು. ಪಾರ್ಕಿಂಗ್‌ನಲ್ಲಿ ಪರಿಚಯದ ಕಾರು ಕಂಡರೆ ಸಾಕು, ಹಾಗೇ ತಿರುಗಿಸಿಕೊಂಡು ಹೋಗುತ್ತಾರೆ. ಆ ಕಾರಿನವರೂ ಅದೇ ಕೆಲಸಕ್ಕೆ ಬಂದವರು, ಅವರಿಗೂ ಅಷ್ಟೇ ಅಳುಕು. ಅಷ್ಟು ಮುಜುಗರವಾದರೆ ಅರ್ಧ ಗಂಟೆ ದೂರದ ಊರಿನ ಮೀಟಿಂಗ್ ಹಿಡಿಯಿರಿ, ಆದರೆ ಹೋಗುವುದನ್ನು ಬಿಡಬೇಡಿ.

ಕನ್ನಡದಲ್ಲೇ ಬಿಚ್ಚಿ ಮಾತಾಡಬೇಕೆನಿಸಿದರೆ ನಿಮ್ಮ ಹಳೆಯ ಬೆಂಗಳೂರು ಗುಂಪಿನವರನ್ನು ಆನ್‌ಲೈನ್ ಮೀಟಿಂಗ್ ಬಗ್ಗೆ ಕೇಳಿ. ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 9.30, ಚಳಿಗಾಲದಲ್ಲಿ 8.30. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಇಲ್ಲಿನ ಗಡಿಯಾರ ಬದಲಾಗುವ ವಾರ ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಆಫೀಸ್ ಲ್ಯಾಪ್‌ಟಾಪ್ ಮುಟ್ಟಬೇಡಿ: ಜೂಮ್‌ನಲ್ಲಿ ಪೂರ್ತಿ ಹೆಸರು, ಕೆಲವೊಮ್ಮೆ ಕಂಪನಿ ಲೋಗೋ ಸಮೇತ ಬಂದುಬಿಡುತ್ತದೆ. ಸ್ವಂತ ಫೋನಿನಲ್ಲಿ ಹೆಸರಿನ ಮೊದಲ ಭಾಗ ಮಾತ್ರ ಇಟ್ಟು ಸೇರಿ.

ಮನೆಯವರು ಜೊತೆಗಿದ್ದರೆ ಅವರಿಗೆ ‘ಅಲ್-ಅನಾನ್’ ಎಂಬ, ಕುಡಿಯುವವರ ಮನೆಯವರದೇ ಕೂಟ ಬೇರೆಯೇ ಇದೆ, 1951ರಿಂದ ನಡೆಯುತ್ತಿದೆ. ಎಚ್-4ನಲ್ಲಿ (ಗಂಡನ ಕೆಲಸದ ವೀಸಾದ ಮೇಲೆ ಬಂದವರ ವೀಸಾ), ಡ್ರೈವಿಂಗ್ ಬಾರದೆ, ತವರಿಗೂ ಹೇಳಲಾರದೆ ಈ ಗುಟ್ಟನ್ನು ಹೊತ್ತು ಕೂತ ಹೆಂಗಸರಿಗೆ ಆನ್‌ಲೈನ್ ಮೀಟಿಂಗ್ ಸುಲಭ. ಅದನ್ನು ನೀವೇ ಹುಡುಕಿಕೊಡಿ, ಆ ಒಂದು ಗಂಟೆ ಮಕ್ಕಳನ್ನೂ ನೀವೇ ನೋಡಿಕೊಳ್ಳಿ.