ಹೊಸೂರಿನ ಬಿಡಿಭಾಗ, ಹೊರದೇಶದ ಸೇನೆ: ಕೊಟೇಶನ್‌ಗೂ ಮೊದಲು ಏನು?

ಪ್ರಶ್ನೆ: ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಯೂನಿಟ್ ಇದೆ. ಬೆಂಗಳೂರಿನ ಕಂಪನಿಗಳಿಗೆ ಜಾಬ್ ವರ್ಕ್ ಮಾಡ್ತೇವೆ. ಮೊನ್ನೆ ಯುರೋಪಿನ ಒಂದು ಕಂಪನಿ ಏಜೆಂಟ್ ಮೂಲಕ ಮೇಲ್ ಕಳಿಸಿದೆ. ರಾತ್ರಿ ನೋಡುವ ಸೇನಾ ದುರ್ಬೀನಿಗೆ ಅಲ್ಯೂಮಿನಿಯಂ ಬ್ರಾಕೆಟ್ ಬೇಕಂತೆ. ಒಂದು ವಾರದಲ್ಲಿ ಬೆಲೆ ಹೇಳಿ ಅಂತಿದ್ದಾರೆ. ಹೇಳಿಬಿಡೋಣವೇ, ಸಾರ್?

ಬೆಲೆ ಲೆಕ್ಕ ಹಾಕಿ ಇಟ್ಟುಕೊಳ್ಳಿ, ಕಳಿಸೋದಕ್ಕೆ ಅವಸರ ಬೇಡ. ಮೊದಲು ನೋಡಬೇಕಾದದ್ದು ಸ್ಕೋಮೆಟ್ ಪಟ್ಟಿ. ನಮ್ಮ ದೇಶದಿಂದ ಅನುಮತಿ ಇಲ್ಲದೆ ಹೊರಗೆ ಕಳಿಸಬಾರದ ವಸ್ತುಗಳ ಪಟ್ಟಿ ಅದು. ಅದರ 6ನೇ ವಿಭಾಗ ಸೇನಾ ಸಾಮಗ್ರಿಗಳದು. ಅದಕ್ಕೆ ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಉಳಿದ ವಿಭಾಗಗಳಲ್ಲಿ ಹೆಚ್ಚಿನವನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತದೆ.

“ಬರೀ ಒಂದು ಬ್ರಾಕೆಟ್ ಅಲ್ವಾ?” ಅಂತ ನೀವು ಕೇಳಬಹುದು. ಇಲ್ಲಿ ಭಾಗ ಎಷ್ಟು ಚಿಕ್ಕದು ಅನ್ನೋದು ಲೆಕ್ಕಕ್ಕಿಲ್ಲ. ಅದನ್ನು ಸೇನೆಯ ಉಪಕರಣಕ್ಕೆಂದೇ ವಿನ್ಯಾಸ ಮಾಡಿದ್ದಾರಾ ಅನ್ನೋದೇ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋಲ್ಟ್ ಬೇರೆ, ಆ ದುರ್ಬೀನಿಗೆ ಮಾತ್ರ ಕೂರುವ ಬ್ರಾಕೆಟ್ ಬೇರೆ. ನಿಮ್ಮದು ಎರಡನೇ ಜಾತಿಯ ಹಾಗೆ ಕಾಣುತ್ತದೆ. ಅನುಮಾನ ಇದ್ದರೆ ಇಲಾಖೆಗೇ ಬರೆದು ಕೇಳಿ, ಏಜೆಂಟ್ ಮಾತಿನ ಮೇಲೆ ಹೋಗಬೇಡಿ. ತಪ್ಪಾದರೆ ಉತ್ತರ ಕೊಡಬೇಕಾದವರು ನೀವು, ಅವನಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಾಲು ಕಳಿಸಿದರೆ ಮಾತ್ರ ರಫ್ತು ಅಂತ ಅಂದುಕೊಂಡಿರುತ್ತಾರೆ. ನಿಯಂತ್ರಿತ ವಸ್ತುವಿನ ತಾಂತ್ರಿಕ ಡ್ರಾಯಿಂಗನ್ನು ಮೇಲ್‌ನಲ್ಲಿ ಕಳಿಸಿದರೂ ಅದು ರಫ್ತೇ. ವಾಟ್ಸಾಪ್‌ನಲ್ಲಿ ಫೋಟೋ ಹೊಡೆದು ಕಳಿಸುವ ಅಭ್ಯಾಸ ನಮ್ಮ ಶಾಪ್‌ಗಳಲ್ಲಿ ಜಾಸ್ತಿ. ಈ ಕೆಲಸದ ಮಟ್ಟಿಗಾದರೂ ಅದನ್ನು ನಿಲ್ಲಿಸಿ. ಅವರು ಕಳಿಸಿರುವ ಡ್ರಾಯಿಂಗ್ ಯಾರದ್ದು ಅಂತಲೂ ಕೇಳಿ. ಅದರ ಮೇಲೆ ಅಮೆರಿಕದ ಐಟಾರ್ ನಿಯಮದ (ಅವರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣದ ನಿಯಮ) ಎಚ್ಚರಿಕೆ ಸಾಲು ಇದ್ದರೆ, ನಿಮಗೆ ಕಳಿಸೋದಕ್ಕೇ ಅವರಿಗೆ ಅಲ್ಲಿಂದ ಒಪ್ಪಿಗೆ ಬೇಕಿತ್ತು. ಹಾಗಿದ್ದರೆ ಕಡತ ತೆರೆದು ಕೂರದೆ ಮೊದಲು ಆ ಒಪ್ಪಿಗೆಯ ಪ್ರತಿ ಕೇಳಿ.

ಕೊನೆಗೆ ಬಳಸುವವರು ಯಾರು ಅಂತ ಸಹಿ ಹಾಕಿದ ಪ್ರಮಾಣಪತ್ರವನ್ನು ಇಲಾಖೆ ಕೇಳುತ್ತದೆ. ಅದನ್ನು ಈಗಲೇ ಏಜೆಂಟ್ ಹತ್ತಿರ ಕೇಳಿ ನೋಡಿ. ನಿಜವಾದ ಖರೀದಿದಾರ ಇದ್ದರೆ ಒಂದೆರಡು ಮೇಲ್‌ನಲ್ಲಿ ದಾರಿ ಹೇಳುತ್ತಾನೆ. “ಅದೆಲ್ಲ ಆಮೇಲೆ ನೋಡೋಣ” ಅಂದರೆ ಅಲ್ಲಿಗೇ ಬಿಟ್ಟುಬಿಡಿ. ವ್ಯವಹಾರ ಕುದುರಿ, ಪದೇ ಪದೇ ಆರ್ಡರ್ ಬರತೊಡಗಿದರೆ, ಕೆಲವು ದೇಶಗಳಿಗೆ ಕೆಲವು ಬಿಡಿಭಾಗ ಕಳಿಸಲು ಒಂದೇ ಸಲ ಪಡೆಯುವ ಮುಕ್ತ ರಫ್ತು ಪರವಾನಗಿಯೂ ಇದೆ.

ಪ್ರಶ್ನೆ: ವಿಮಾನ, ರಕ್ಷಣಾ ಕ್ಷೇತ್ರದ ಗುಣಮಟ್ಟಕ್ಕೆ ಕೊಡುವ ಎಎಸ್ 9100 ಸರ್ಟಿಫಿಕೇಟ್ ಇಲ್ಲದೆ ಹೊರದೇಶದ ಕೆಲಸ ಸಿಗೋದಿಲ್ಲವೇ? ಖರ್ಚು ನೋಡಿದರೆ ಹೆದರಿಕೆ ಆಗುತ್ತೆ. (ಡೆಂಕಣಿಕೋಟೆಯಿಂದ)

ವಿಮಾನ ಮತ್ತು ರಕ್ಷಣಾ ಕ್ಷೇತ್ರದ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಅದನ್ನೇ ಮೊದಲು ಕೇಳುತ್ತವೆ. ಎಲ್ಲ ಉದ್ಯಮಗಳಿಗೂ ಇರುವ ಗುಣಮಟ್ಟದ ಐಎಸ್‌ಒ 9001 ಇದ್ದರೆ ಅರ್ಧ ದಾರಿ ಬಂದ ಹಾಗೆ, ಎಎಸ್ 9100 ಅದರ ಮೇಲೆಯೇ ಕಟ್ಟಿದ್ದು. ಮೂರು ವರ್ಷದ ಮಾನ್ಯತೆ, ಮಧ್ಯೆ ವರ್ಷವರ್ಷ ಆಡಿಟ್. ಆದರೆ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿ ಕೆಲಸ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಎಡವೋದು ಸಣ್ಣ ಜಾಗದಲ್ಲಿ.

ಉದಾಹರಣೆಗೆ ಕಚ್ಚಾಮಾಲು. ಸರಳಿನ ಒಂದು ತುದಿಯಲ್ಲಿ ಹೀಟ್ ನಂಬರ್, ಅಂದರೆ ಲೋಹ ಯಾವ ಎರಕದ್ದು ಅಂತ ಹೇಳುವ ನಂಬರ್, ಇರುತ್ತದೆ. ನಮ್ಮ ಹುಡುಗರು ಆ ತುದಿಯಿಂದಲೇ ಕೊಯ್ಯಲು ಶುರು ಮಾಡುತ್ತಾರೆ. ಮೊದಲ ತುಂಡಿನ ಜೊತೆ ನಂಬರ್ ಹೋಯಿತು. ಉಳಿದ ಸರಳು ಯಾವ ಮಿಲ್‌ದು, ಯಾವ ಟೆಸ್ಟ್ ರಿಪೋರ್ಟ್‌ಗೆ ಸೇರಿದ್ದು ಅಂತ ಆ ಮೇಲೆ ಯಾರು ಹೇಳೋದು? ನಂಬರ್ ಇಲ್ಲದ ತುದಿಯಿಂದ ಕೊಯ್ಯಿರಿ, ಪ್ರತಿ ತುಂಡಿಗೂ ನಂಬರ್ ಪಂಚ್ ಮಾಡಿ, ಆಮೇಲೆ ಮೆಷಿನ್ನಿಗೆ ಹಾಕಿ. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯದು ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್. ಇವನ್ನು ನೀವು ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ ಕೊಟ್ಟು ಮಾಡಿಸುತ್ತೀರಿ. ಹೊರದೇಶದ ಗ್ರಾಹಕ ಎಷ್ಟೋ ಸಲ ಇಂಥ ಕೆಲಸಗಳಿಗೆ ವಿಮಾನ ಕ್ಷೇತ್ರದಲ್ಲಿ ಕೊಡುವ ನ್ಯಾಡ್‌ಕ್ಯಾಪ್ ಮಾನ್ಯತೆ ಇರುವವರನ್ನೇ, ಇಲ್ಲವೇ ತಾನು ಒಪ್ಪಿದವರನ್ನೇ ಬಳಸಿ ಅನ್ನುತ್ತಾನೆ. ಕಡಿಮೆ ರೇಟಿಗೆ ಸಿಕ್ಕಿದವರ ಹತ್ತಿರ ಮಾಡಿಸಿದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬರುತ್ತದೆ. ಬೆಲೆ ಹಾಕುವ ಮುಂಚೆ ಗ್ರಾಹಕ ಒಪ್ಪಿದವರ ಪಟ್ಟಿ ಕೇಳಿ ತರಿಸಿಕೊಳ್ಳಿ.

ಪ್ರಶ್ನೆ: ಹೊಸೂರು ರಕ್ಷಣಾ ಕಾರಿಡಾರ್‌ನಲ್ಲಿದೆ ಅಂತಾರೆ. ನಮ್ಮಂಥ ಚಿಕ್ಕವರಿಗೆ ಅದರಿಂದ ಏನು ಸಿಗುತ್ತೆ? ಏರೋ ಇಂಡಿಯಾದಲ್ಲಿ ಸ್ಟಾಲ್ ಹಾಕೋಣವೇ?

ಚೆನ್ನೈ, ಕೊಯಮತ್ತೂರು, ಸೇಲಂ, ತಿರುಚ್ಚಿ ಜೊತೆ ಹೊಸೂರೂ ತಮಿಳುನಾಡಿನ ಕಾರಿಡಾರ್‌ನ, ಅಂದರೆ ರಕ್ಷಣಾ ಉದ್ಯಮ ಬೆಳೆಸಲು ಗುರುತಿಸಿದ ಪ್ರದೇಶದ, ಒಂದು ಕೇಂದ್ರ. ಉಸ್ತುವಾರಿ ಟಿಡ್ಕೊದು, ಅಂದರೆ ತಮಿಳುನಾಡಿನ ಸರ್ಕಾರಿ ಕೈಗಾರಿಕಾ ಅಭಿವೃದ್ಧಿ ನಿಗಮದ್ದು. ಕೇಳಿದವರಿಗೆ ಮಾಹಿತಿ ಸಿಗುತ್ತದೆ, ಸುಮ್ನೆ ಕೂತವರನ್ನು ಯಾರೂ ಹುಡುಕಿಕೊಂಡು ಬರೋದಿಲ್ಲ. ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ ವಿಮಾನ ಪ್ರದರ್ಶನದ ಸ್ಟಾಲ್ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಮೊದಲ ಸಲ ಟಿಕೆಟ್ ತೆಗೆದುಕೊಂಡು ಹೋಗಿ. ಮೊದಲೇ ಸಮಯ ಕೇಳಿಕೊಂಡು, ದೊಡ್ಡ ಕಂಪನಿಗಳ ಖರೀದಿ ವಿಭಾಗದವರನ್ನು ಕಾಣಿ. ಕೈಯಲ್ಲಿ ಬ್ರೋಷರ್ ಬದಲು ನೀವೇ ಮಾಡಿದ ಒಂದು ಭಾಗ, ಅದರ ಸಿಎಂಎಂ ರಿಪೋರ್ಟ್ (ಯಂತ್ರದಲ್ಲಿ ಅಳತೆ ಪರೀಕ್ಷಿಸಿದ ವರದಿ) ಇರಲಿ. ಭಾರತದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿ ರೂಪಾಯಿ, ಅದರಲ್ಲಿ ಖಾಸಗಿಯವರದು 15,233 ಕೋಟಿ. ನಿಮ್ಮಂಥ ಯೂನಿಟ್ ಈ ದುಡ್ಡಿಗೆ ಕೈ ಹಾಕೋದು ಯಾವುದೋ ದೇಶದ ಮಂತ್ರಾಲಯದ ಟೆಂಡರ್ ಹಿಡಿದಲ್ಲ, ಈಗಾಗಲೇ ಕಳಿಸುತ್ತಿರುವ ಕಂಪನಿಗೆ ಒಂದು ಭಾಗ ಒದಗಿಸಿ.

ಪ್ರಶ್ನೆ: ಮಾಲು ಕಳಿಸಿದ ಮೇಲೆ ದುಡ್ಡು ಬರದಿದ್ದರೆ?

ಸರ್ಕಾರಿ ರಫ್ತು ವಿಮಾ ಸಂಸ್ಥೆಯಾದ ಇಸಿಜಿಸಿಯ ವಿಮೆ ಮಾಡಿಸಿ, ಪ್ರೀಮಿಯಂ ಅನ್ನು ಬೆಲೆಯಲ್ಲೇ ಸೇರಿಸಿ. ಖರೀದಿದಾರ ದಿವಾಳಿಯಾದರೆ, ಆ ದೇಶದಲ್ಲಿ ಗಲಾಟೆ ಆಗಿ ಹಣ ನಿಂತರೆ ವಿಮೆ ಕೈಹಿಡಿಯುತ್ತದೆ. “ಮಾಲು ಸರಿಯಿಲ್ಲ” ಅಂತ ಖರೀದಿದಾರ ತಕರಾರು ತೆಗೆದರೆ ಮಾತ್ರ, ಆ ಜಗಳ ಇತ್ಯರ್ಥ ಆಗುವ ತನಕ ವಿಮೆಯ ಹಣ ಸಿಗೋದು ಕಷ್ಟ. ಹಾಗಾಗಿ ಪ್ಯಾಕ್ ಮಾಡುವ ಮುಂಚೆ ತಪಾಸಣಾ ವರದಿಗೆ ಅವರ ಒಪ್ಪಿಗೆ ಮೇಲ್‌ನಲ್ಲಿ ತೆಗೆದುಕೊಳ್ಳಿ, ಮೊದಲ ಆರ್ಡರ್‌ಗೆ ಸ್ವಲ್ಪ ಮುಂಗಡ ಕೇಳಿ.