ನಾಲ್ಕಡಿಗೇ ನಿಂತ ಹಾಪ್ಸ್ ಬಳ್ಳಿ: ಗೊಬ್ಬರ ನಿಲ್ಲಿಸಿ, ದೀಪ ಹಚ್ಚಿ

ಮೈಸೂರಿನ ಕುವೆಂಪುನಗರದ ತಾರಸಿಯಲ್ಲಿ ನೆಟ್ಟ ಬಂಗಾರದೆಲೆಯ ಹಾಪ್ಸ್ ಬಳ್ಳಿ (ಬಿಯರಿಗೆ ಕಹಿ ಕೊಡುವ ಹೂಗೊಂಚಲಿನ ಬಳ್ಳಿ) ನಾಲ್ಕಡಿಗೇ ನಿಂತಿದೆ, ಎಲೆಯಂಚು ಸುಡುತ್ತಿದೆ, ವಾರಕ್ಕೆರಡು ಸಲ 19:19:19 ರಾಸಾಯನಿಕ ಗೊಬ್ಬರ ಕೊಟ್ಟರೂ ಮೇಲೇಳುತ್ತಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಮೊದಲು ಆ ಗೊಬ್ಬರವನ್ನು ನಿಲ್ಲಿಸಿ. ಬಳ್ಳಿ ನಿಂತ ಕೂಡಲೇ ಪೊಟ್ಟಣಕ್ಕೆ ಕೈ ಹಾಕುವವರನ್ನು ಈ ಗುಂಪಿನಲ್ಲಿ ಎಷ್ಟು ಸಲ ನೋಡುವುದು! ಅದರಲ್ಲೂ ಮಂಡ್ಯ ಕಡೆಯ ಗಡಸು ಬೋರ್‌ವೆಲ್ ನೀರು ಹಾಕುವವರ ಕುಂಡದಲ್ಲಿ ಉಪ್ಪು ಮೊದಲೇ ಕಟ್ಟಿಕೊಂಡಿರುತ್ತದೆ. ಅದರ ಮೇಲೆ ಗೊಬ್ಬರದ ಉಪ್ಪೂ ಸೇರಿದರೆ ಎಲೆ ಸುಡದೆ ಇನ್ನೇನಾದೀತು? ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನಲ್ಲಿಯ ಕಾವೇರಿ ನೀರನ್ನೋ ಮಳೆನೀರನ್ನೋ ಒಮ್ಮೆ ಹಾಯಿಸಿ ಮಣ್ಣನ್ನು ತೊಳೆಯಿರಿ.

ನಿಮ್ಮ ಬಳ್ಳಿಗೆ ಸಾಲದಿರುವುದು ಹಗಲು. ಹಗಲು ದೀರ್ಘವಾಗಿರುವಾಗ ಉದ್ದಕ್ಕೆ ಬೆಳೆದು, ಹಗಲು ಕುಗ್ಗಿದಾಗ ಹೂವಿಗೆ ತಿರುಗುವುದು ಹಾಪ್ಸ್‌ನ ಸ್ವಭಾವ. ಹಾಪ್ಸ್ ಬೆಳೆಯುವ ಜರ್ಮನಿಯ ಹಾಲರ್ಟೌ ಸೀಮೆಯಲ್ಲಿ ಜೂನ್ ತಿಂಗಳ ಹಗಲು 16 ಗಂಟೆಯಷ್ಟಿದ್ದರೆ, ಮೈಸೂರಿನ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಬಳ್ಳಿ ಎಳೆಯದಾಗಿರುವಾಗಲೇ ಬೆಳವಣಿಗೆಯನ್ನು ಮುಗಿಸಿಬಿಡುತ್ತದೆ. ನಮ್ಮ ಸೇವಂತಿಗೆ ಬೆಳೆಗಾರರು ಹೂವನ್ನು ತಡೆಹಿಡಿಯಲು ಹೊಲದಲ್ಲಿ ರಾತ್ರಿ ಬಲ್ಬು ಉರಿಸುತ್ತಾರಲ್ಲವೇ, ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಚಿಗುರು ಒಂದಡಿ ಬಂದ ದಿನದಿಂದ, ಸೂರ್ಯ ಮುಳುಗುವ ಮುನ್ನವೇ ಹೊತ್ತಿಸಿ ರಾತ್ರಿ ಹತ್ತರವರೆಗೆ ಉರಿಯುವಂತೆ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬನ್ನು ಬಳ್ಳಿಯ ತುದಿಗಿಂತ ಎರಡಡಿ ಮೇಲೆ ತೂಗುಹಾಕಿ, ಬಳ್ಳಿ ಏರಿದಂತೆ ಅದನ್ನೂ ಏರಿಸುತ್ತಾ ಹೋಗಿ. ಗ್ರೋ ಲೈಟ್ ಎಂದು ದುಬಾರಿ ಬೆಲೆಗೆ ಮಾರುವ ನೇರಳೆ ದೀಪಗಳು ಈ ಕೆಲಸಕ್ಕೆ ಅನಗತ್ಯ. ಮನೆಯಲ್ಲಿ ಉರಿಸುವ ಬಲ್ಬೇ ಸಾಕು. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಒಂದು ಒಳ್ಳೆಯ ಟೈಮರ್ ಮತ್ತು ಮಳೆಗೆ ನೆನೆಯದ ಹೋಲ್ಡರ್ ಕೊಳ್ಳಿ. ಕರೆಂಟು ಹೋದ ಒಂದೆರಡು ರಾತ್ರಿಗೆ ಗಾಬರಿಯಾಗಬೇಕಿಲ್ಲ, ಆದರೆ ಊರಿಗೆ ಹೋಗುವಾಗ ವಾರಗಟ್ಟಲೆ ಆರಿಸಿ ಹೋಗಬೇಡಿ. ಬಳ್ಳಿ ಹತ್ತು ಹನ್ನೆರಡು ಅಡಿ ಏರಿದ ಮೇಲೆ ದೀಪ ನಿಲ್ಲಿಸಿದರೆ, ಅದು ಹೆಣ್ಣು ಬಳ್ಳಿಯಾಗಿದ್ದಲ್ಲಿ, ಹಸಿರು ಗೊಂಚಲುಗಳು ಇಳಿಬೀಳುವುದನ್ನೂ ನೋಡಬಹುದು.

ನಿಮ್ಮ ಚಿತ್ರದಲ್ಲಿ ಕಂಡ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನೈಲಾನ್ ಹಗ್ಗಕ್ಕೆ ಬಳ್ಳಿಯನ್ನು ಹುರುಳಿಕಾಯಿ ಬಳ್ಳಿಯಂತೆ ಎಡಸುತ್ತಾಗಿ ಸುತ್ತಿದ್ದೀರಿ. ಮೇಲಿನಿಂದ ನೋಡಿದರೆ ಹಾಪ್ಸ್ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ಸುತ್ತುತ್ತದೆ. ಎದುರು ದಿಕ್ಕಿಗೆ ಸುತ್ತಿದ್ದನ್ನು ಅದು ತಾನಾಗಿಯೇ ಬಿಚ್ಚಿಕೊಂಡು ಜೋತುಬೀಳುತ್ತದೆ. ಕಾಂಡದ ಏಣುಗಳ ಮೇಲೆ ಬೆರಳಾಡಿಸಿದರೆ ಗರಗಸದಂತೆ ತರಚುವ ಕೊಕ್ಕೆಗೂದಲು ಸಿಗುತ್ತದೆ. ಆ ಕೊಕ್ಕೆಗಳಿಗೆ ನುಣುಪಾದ ನೈಲಾನ್ ಹಿಡಿತ ಕೊಡುವುದಿಲ್ಲವಾದ್ದರಿಂದ ಒರಟು ತೆಂಗಿನ ನಾರಿನ ಹಗ್ಗವನ್ನೇ ಬಿಗಿಯಾಗಿ ಕಟ್ಟಿ. ಕೆಲವರಿಗೆ ಈ ಕೂದಲಿನಿಂದ ಚರ್ಮ ಕೆಂಪಾಗಿ ಉರಿಯುವುದುಂಟು. ತುಂಬು ತೋಳಿನ ಅಂಗಿ ಹಾಕಿಕೊಂಡು ಕೆಲಸ ಮಾಡಿ.

ಬಂಗಾರದ ಬಣ್ಣ ಬರಬೇಕಾದರೆ ಬಿಸಿಲು ಬೇಕು, ಆದರೆ ಏಪ್ರಿಲ್ ತಿಂಗಳ ಇಳಿಹೊತ್ತಿನ ಬಿಸಿಲು ಆ ಎಲೆಯನ್ನು ಉಳಿಸುವುದಿಲ್ಲ. ಪೂರ್ವದ ಗೋಡೆಯೇ ಇದಕ್ಕೆ ತಕ್ಕ ಜಾಗ. ಒಣ ಬೇಸಿಗೆಯಲ್ಲಿ ಎಲೆಯಡಿ ಜೇಡ ನುಸಿ ಕೂರುತ್ತದೆ. ಬೆಳಿಗ್ಗೆ ಪೈಪಿನಿಂದ ಎಲೆಯ ತಳಭಾಗಕ್ಕೆ ನೀರು ಚಿಮ್ಮಿಸುವುದು ಅರ್ಧ ಔಷಧ. ಬೇವಿನೆಣ್ಣೆಯನ್ನು ಲೀಟರಿಗೆ 5 ಮಿಲಿಯಂತೆ ಸೋಪಿನಲ್ಲಿ ಕದಡಿ ಸಂಜೆ ಸಿಂಪಡಿಸಬಹುದು, ಆದರೆ ಎಣ್ಣೆ ಬಿದ್ದ ಎರಡು ವಾರದೊಳಗೆ ಗಂಧಕ ಸಿಂಪಡಿಸಿದರೆ ಎಲೆ ಸುಟ್ಟೀತು.

ದಸರಾ ಕಳೆದ ಮೇಲೆ ಎಲೆ ಹಳದಿಯಾಗತೊಡಗಿದರೆ ಅದು ರೋಗವಲ್ಲ. ಆಗ ನೀರು ಕಡಿಮೆ ಮಾಡಿ, ಕಾಂಡ ಪೂರ್ತಿ ಒಣಗಿದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ. ಬಳ್ಳಿ ಸತ್ತಿತೆಂದು ಕುಂಡ ಸುರಿಯುವವರೂ ಇದ್ದಾರೆ, ಬದುಕಿಸುತ್ತೇನೆಂದು ದಿನವೂ ನೀರು ಹಾಕಿ ಗೆಡ್ಡೆ ಕೊಳೆಸುವವರೂ ಇದ್ದಾರೆ. ಡಿಸೆಂಬರ್‌ನಲ್ಲಿ ಬೇರುಗೆಡ್ಡೆಯನ್ನು ತೆಗೆದು, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಆರು ವಾರ ಇಟ್ಟು, ಶಿವರಾತ್ರಿಯ ಹೊತ್ತಿಗೆ ಮತ್ತೆ ನೆಡಿ. ಈ ಚಳಿಯಿಲ್ಲದೆಯೂ ಹಾಪ್ಸ್ ಚಿಗುರುವುದುಂಟು, ಆದರೆ ಚಳಿ ಕಂಡ ಗೆಡ್ಡೆಯ ಕಣ್ಣುಗಳು ಒಟ್ಟಿಗೆ ಒಡೆಯುತ್ತವೆ. ಒಡೆದ ಚಿಗುರುಗಳಲ್ಲಿ ಗಟ್ಟಿಯಾದ ಮೂರನ್ನು ಮಾತ್ರ ಹಗ್ಗಕ್ಕೆ ಹತ್ತಿಸಿ, ಉಳಿದವನ್ನು ಚಿವುಟಿ.

ನಿಮ್ಮ ಮನೆಯಲ್ಲಿ ನಾಯಿಯಿದ್ದರೆ ಉದುರಿದ ಗೊಂಚಲುಗಳನ್ನು ಆಗಾಗ ಗುಡಿಸಿಬಿಡಿ. ಅವನ್ನು ತಿಂದ ನಾಯಿಗೆ ಮೈಶಾಖ ವಿಪರೀತವಾಗಿ ಏರಿ ಪ್ರಾಣಕ್ಕೇ ಕುತ್ತಾಗಬಹುದು. ಇನ್ನೊಂದು ಬಳ್ಳಿ ಬೇಕೆಂದು ಕೇಳಿದ್ದೀರಿ, ಅದಕ್ಕಾಗಿ ಆನ್‌ಲೈನಿನ ಬೀಜ ತರಿಸಬೇಡಿ: ಬೀಜದ ಗಿಡ ಗಂಡೋ ಹೆಣ್ಣೋ ಹೂ ಬಿಡುವವರೆಗೆ ತಿಳಿಯುವುದಿಲ್ಲ, ಬಂಗಾರದೆಲೆಯ ತಳಿ ಬೀಜದಿಂದ ಹಾಗೆಯೇ ಬರುತ್ತದೆಂಬ ಭರವಸೆಯೂ ಇಲ್ಲ. ಫ್ರಿಜ್ಜಿಗೆ ಇಡುವ ಮೊದಲು ನಿಮ್ಮ ಗೆಡ್ಡೆಯನ್ನೇ ಎರಡೆರಡು ಕಣ್ಣುಗಳಿರುವ ತುಂಡುಗಳಾಗಿ ಕತ್ತರಿಸಿಕೊಳ್ಳಿ.