ಹೊಸ ಮಾಡೆಲ್ ವರ್ಷದ ಸ್ಪೋರ್ಟ್ಸ್ ಕಾರಿನಿಂದ ಏನನ್ನು ನಿರೀಕ್ಷಿಸಬಹುದು?

ನೀವು ಕೊಳ್ಳಬೇಕೆಂದಿರುವ ಸ್ಪೋರ್ಟ್ಸ್ ಕಾರಿನ ಮುಂದಿನ ಮಾಡೆಲ್ ವರ್ಷಕ್ಕಾಗಿ ಕಾಯಬೇಕೆ, ಕಾದರೆ ಅದರಲ್ಲಿ ಏನು ಹೊಸದಿರುತ್ತದೆ ಎಂದು ಕೇಳಿದ್ದೀರಿ. ಕಾರಿನ ಹೆಸರನ್ನು ಹೇಳಿಲ್ಲವಾದ್ದರಿಂದ ಯಾವ ಕಾರಿಗಾದರೂ ಹೊಂದುವಂತೆ ಉತ್ತರಿಸುತ್ತೇನೆ. ಹೊಸ ವರ್ಷದ ಕಾರು ಎಂದೊಡನೆ ಹೆಚ್ಚಿನವರು ಅಶ್ವಶಕ್ತಿ ಎಷ್ಟು ಏರಿತು ಎಂದು ನೋಡುತ್ತಾರೆ. ನಾನು ಮೊದಲು ನೋಡುವುದು ಅದರ ಈಗಿನ ತಲೆಮಾರು, ಅಂದರೆ ಈಗಿನ ಮೂಲ ವಿನ್ಯಾಸ, ಮಾರುಕಟ್ಟೆಗೆ ಬಂದು ಎಷ್ಟು ವರ್ಷಗಳಾದವು ಎಂಬುದನ್ನು.

ಸ್ಪೋರ್ಟ್ಸ್ ಕಾರುಗಳು ಮಾರಾಟವಾಗುವುದು ಕಡಿಮೆ ಸಂಖ್ಯೆಯಲ್ಲಿ. ಆದ್ದರಿಂದ ಕಂಪನಿಗಳು ಒಂದೇ ವಿನ್ಯಾಸವನ್ನು ಬಹುಕಾಲ ಮುಂದುವರಿಸಿ, ವರ್ಷ ವರ್ಷವೂ ಅದನ್ನೇ ತಿದ್ದುತ್ತಾ ಹೋಗುತ್ತವೆ. 2007ರಲ್ಲಿ 480 ಪಿಎಸ್ (ಅಶ್ವಶಕ್ತಿಗೆ ಬಹುತೇಕ ಸಮನಾದ ಮೆಟ್ರಿಕ್ ಅಳತೆ) ಶಕ್ತಿಯೊಂದಿಗೆ ಬಂದ ನಿಸ್ಸಾನ್ ಆರ್35 ಜಿಟಿ-ಆರ್, 2025ರಲ್ಲಿ ಉತ್ಪಾದನೆ ನಿಲ್ಲುವ ಹೊತ್ತಿಗೆ ಸಾಮಾನ್ಯ ಆವೃತ್ತಿಯಲ್ಲೇ 570 ಪಿಎಸ್ ತಲುಪಿತ್ತು, ಆದರೂ ದೂರದಿಂದ ನೋಡಿದವರಿಗೆ ಅದೇ ಕಾರು. ಬಣ್ಣ ಮತ್ತು ಚಕ್ರದ ವಿನ್ಯಾಸ ಮಾತ್ರ ಬದಲಾದರೂ, ಎಂಜಿನ್ನಿನ ಒಳಭಾಗವೇ ಬದಲಾದರೂ ಕಾರು ಮಾರಾಟವಾಗುವುದು ‘ಹೊಸ ಮಾಡೆಲ್ ವರ್ಷ’ ಎಂಬ ಒಂದೇ ಹೆಸರಿನಲ್ಲಿ.

ತಲೆಮಾರಿನ ಮೊದಲ ವರ್ಷದ ಕಾರನ್ನು ಕೊಳ್ಳುವವರಿಗೆ ನಾನು ಸ್ವಲ್ಪ ತಾಳ್ಮೆಯನ್ನು ಹೇಳುತ್ತೇನೆ. ಟೊಯೋಟಾ ಸುಪ್ರಾ ಅಮೆರಿಕದಲ್ಲಿ 2020ರ ಮಾಡೆಲ್ ಆಗಿ ಬಂದಾಗ ಅದರ 3.0 ಲೀಟರ್ ಎಂಜಿನ್ 335 ಅಶ್ವಶಕ್ತಿ ಕೊಡುತ್ತಿತ್ತು. ಮರುವರ್ಷವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ಮತ್ತು ಪಿಸ್ಟನ್‌ಗಳನ್ನು ಬದಲಿಸಿ ಅದನ್ನು 382ಕ್ಕೆ ಏರಿಸಲಾಯಿತು, ಜೊತೆಗೆ ಸಸ್ಪೆನ್ಷನ್ನನ್ನೂ ಮರುಹೊಂದಿಸಲಾಯಿತು. ಮ್ಯಾನುಯಲ್ ಗೇರ್‌ಬಾಕ್ಸ್ ಬೇಕೆಂದವರು 2023ರ ಮಾಡೆಲ್‌ವರೆಗೆ ಕಾಯಬೇಕಾಯಿತು. ಮೊದಲ ವರ್ಷವೇ ಆಸೆಯಿಂದ ಕೊಂಡವರ ನೋವು ನನಗೆ ಅರ್ಥವಾಗುತ್ತದೆ, ಏಕೆಂದರೆ ಅವರಿಗೆ ಸಿಕ್ಕಿದ್ದು ಕೆಟ್ಟ ಕಾರಲ್ಲ, ಇನ್ನೂ ಪೂರ್ತಿ ಹದಕ್ಕೆ ಬಾರದ ಕಾರು.

ತಲೆಮಾರಿನ ನಡುವಿನ ವರ್ಷಗಳಲ್ಲಿ ಬರುವ ತಿದ್ದುಪಡಿಯ ಬಗ್ಗೆ ನನಗೆ ಹೆಚ್ಚು ಪ್ರೀತಿಯಿದೆ, ಮತ್ತು ಅದಕ್ಕೆ ಮಾಜ್ದಾ ಎಂಎಕ್ಸ್-5ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2015ರಲ್ಲಿ ಬಂದ ಈ ತಲೆಮಾರಿನ 2.0 ಲೀಟರ್ ಎಂಜಿನ್ ಅಮೆರಿಕದ ಆವೃತ್ತಿಯಲ್ಲಿ 155 ಅಶ್ವಶಕ್ತಿ ಕೊಡುತ್ತಿತ್ತು, ನಿಮಿಷಕ್ಕೆ 6,800 ಸುತ್ತುಗಳಿಗೆ ಅದರ ಮಿತಿ ಮುಗಿಯುತ್ತಿತ್ತು. 2019ರ ಮಾಡೆಲ್‌ನಲ್ಲಿ ಪ್ರತಿ ಪಿಸ್ಟನ್ನಿನಿಂದ 27 ಗ್ರಾಂ, ಪ್ರತಿ ಕನೆಕ್ಟಿಂಗ್ ರಾಡ್‌ನಿಂದ 41 ಗ್ರಾಂ ತೂಕ ಇಳಿಸಿ, ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳನ್ನು ಸುಧಾರಿಸಿದಾಗ ಶಕ್ತಿ 181ಕ್ಕೂ ಸುತ್ತಿನ ಮಿತಿ 7,500ಕ್ಕೂ ಏರಿತು. ಅಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆ ಜಾಹೀರಾತಿನಲ್ಲಿ ಸುಲಭವಾಗಿ ಕಣ್ತಪ್ಪುವಂಥದ್ದು: ಅಲ್ಲಿಯವರೆಗೆ ಮೇಲೆ ಕೆಳಗೆ ಮಾತ್ರ ಸರಿಯುತ್ತಿದ್ದ ಸ್ಟೀರಿಂಗ್ ಚಕ್ರವನ್ನು ಆ ವರ್ಷದಿಂದ ಚಾಲಕನ ಕಡೆಗೆ ಎಳೆದುಕೊಳ್ಳಲೂ ಸಾಧ್ಯವಾಯಿತು. ಉದ್ದ ಕಾಲಿನವರಿಗೆ ಈ ಒಂದು ಬದಲಾವಣೆ 26 ಅಶ್ವಶಕ್ತಿಗಿಂತ ದೊಡ್ಡದು. ಮುಂದೆ 2024ರ ಮಾಡೆಲ್‌ನಲ್ಲಿ ಶಕ್ತಿ ಏರಲಿಲ್ಲ; ಒಂದು ಚಕ್ರ ವ್ಯರ್ಥವಾಗಿ ಸುತ್ತದಂತೆ ಎರಡೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಹೊಸ ಲಿಮಿಟೆಡ್-ಸ್ಲಿಪ್ ಡಿಫರೆನ್ಷಿಯಲ್ ಬಂತು, ಸ್ಟೀರಿಂಗ್ ಅನ್ನು ಮರುಹೊಂದಿಸಲಾಯಿತು.

ಹೋಂಡಾ ಎಸ್2000 ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿತ್ತು. ಅಮೆರಿಕದಲ್ಲಿ 2004ರ ಮಾಡೆಲ್‌ಗೆ ಎಂಜಿನ್ 2.0ರಿಂದ 2.2 ಲೀಟರಿಗೆ ಏರಿದರೂ ಕಾಗದದ ಮೇಲೆ ಶಕ್ತಿ 240 ಅಶ್ವಶಕ್ತಿಯಲ್ಲೇ ಉಳಿಯಿತು. ಆದರೆ 9,000 ಸುತ್ತುಗಳವರೆಗೆ ಕೂಗುತ್ತಿದ್ದ ಎಂಜಿನ್ ಸುಮಾರು 8,000ಕ್ಕೆ ನಿಲ್ಲತೊಡಗಿತು, ಕೆಳಗಿನ ವೇಗದಲ್ಲಿ ಎಳೆತ ಹೆಚ್ಚಿತು, ತಿರುವಿನಲ್ಲಿ ಹಿಂಭಾಗ ಜಾರುವ ಗುಣ ಕಡಿಮೆಯಾಯಿತು. ಅಂಕಿ ಅದೇ, ಕಾರಿನ ಸ್ವಭಾವ ಬೇರೆ.

ಹೊಸ ವರ್ಷದಲ್ಲಿ ಕಳೆದುಕೊಳ್ಳುವುದೂ ಇರುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ. ಯುರೋಪಿನಲ್ಲಿ 2018ರ ಸೆಪ್ಟೆಂಬರಿನಿಂದ ಬಿಗಿಯಾದ ಹೊಗೆ ನಿಯಮಗಳಿಗಾಗಿ ಅನೇಕ ಪೆಟ್ರೋಲ್ ಕಾರುಗಳಿಗೆ ಹೊಗೆಯ ಸೂಕ್ಷ್ಮ ಕಣಗಳನ್ನು ಹಿಡಿಯುವ ಕಣ ಶೋಧಕ ಬಂದು, ಎಕ್ಸಾಸ್ಟ್‌ನ ದನಿ ತಗ್ಗಿತು. 2024ರ ಜುಲೈನಿಂದ ಅಲ್ಲಿ ನೋಂದಣಿಯಾಗುವ ಹೊಸ ಕಾರುಗಳೆಲ್ಲಕ್ಕೂ ವೇಗಮಿತಿ ಮೀರಿದಾಗ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ಅದೇ ವರ್ಷ ಬಂದ ಪೋರ್ಷೆ 911 ಕರೇರಾ ಜಿಟಿಎಸ್, 3.6 ಲೀಟರ್ ಹೈಬ್ರಿಡ್ ವ್ಯವಸ್ಥೆಯಿಂದ 541 ಪಿಎಸ್ ಪಡೆಯಿತು, ಹಿಂದಿನದಕ್ಕಿಂತ ಸುಮಾರು 50 ಕಿಲೋ ಭಾರವೂ ಆಯಿತು. ಚಾಲಕನ ಮುಂದೆ ಎಂಜಿನ್ನಿನ ಸುತ್ತುಗಳನ್ನು ತೋರಿಸುತ್ತಾ ನಿಜವಾದ ಮುಳ್ಳು ತಿರುಗುತ್ತಿದ್ದ ಜಾಗಕ್ಕೆ ಪರದೆ ಬಂತು. ಮ್ಯಾನುಯಲ್ ಗೇರ್‌ಬಾಕ್ಸ್ ನಿಮಗೆ ಪ್ರಾಣವಾದರೆ ಹೊಸ ತಲೆಮಾರಿಗೆ ಕಾಯುವುದು ಅಪಾಯವೂ ಹೌದು: 2020ರ ಮಾಡೆಲ್ ಆಗಿ ಬಂದ ಷೆವರ್ಲೆ ಕಾರ್ವೆಟ್‌ನಲ್ಲಿ ಎಂಜಿನ್ ಚಾಲಕನ ಹಿಂದಕ್ಕೆ ಹೋಯಿತು, ಮ್ಯಾನುಯಲ್ ಆಯ್ಕೆಯೇ ಇಲ್ಲವಾಯಿತು.

ಹಾಗಾಗಿ ನಿಮ್ಮ ಕಾರಿನ ತಲೆಮಾರು ಈಗಷ್ಟೇ ಬಂದಿದ್ದರೆ ಒಂದು ವರ್ಷ ಕಾಯಿರಿ. ನಡುವಿನ ದೊಡ್ಡ ತಿದ್ದುಪಡಿ ಆಗಲೇ ಬಂದಿದ್ದರೆ ಕಾಯುವುದರಲ್ಲಿ ಹೆಚ್ಚಿನ ಲಾಭವಿಲ್ಲ, ಕೊಂಡುಬಿಡಿ. ಬುಕ್ ಮಾಡುವ ಮುನ್ನ ಎರಡೂ ವರ್ಷಗಳ ತಾಂತ್ರಿಕ ವಿವರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತೂಕ, ಟೈರಿನ ಅಳತೆ, ಗೇರ್ ಅನುಪಾತ, ಡಿಫರೆನ್ಷಿಯಲ್ ಈ ನಾಲ್ಕನ್ನು ಹೋಲಿಸಿ. ಮಾಡೆಲ್ ವರ್ಷ ಮತ್ತು ತಯಾರಾದ ವರ್ಷ ಒಂದೇ ಆಗಬೇಕಿಲ್ಲ. ಅಮೆರಿಕದ ಕಾರಾದರೆ 17 ಅಕ್ಷರಗಳ ಗುರುತು ಸಂಖ್ಯೆಯಲ್ಲಿ ಹತ್ತನೆಯದನ್ನು ನೋಡಿ, ಅಲ್ಲಿ ಆರ್ ಇದ್ದರೆ 2024ರ, ಎಸ್ ಇದ್ದರೆ 2025ರ, ಟಿ ಇದ್ದರೆ 2026ರ ಮಾಡೆಲ್.